ಮರೆ ಇದ್ದ ಊರು

ನಾಲ್ಕು ಫೂಟು ಉದ್ದ, ನಾಲ್ಕು ಫೂಟು ಅಗಲದ ಹಲಗೆಯ ಮೇಲೆ ಒಂದು ಊರು ಕಟ್ಟಬೇಕು. ಆ ಊರಿನ ಓಣಿಗಳಲ್ಲಿ ಒಂದು ಇಂಚಿಗಿಂತ ಚೂರು ಎತ್ತರದ ಗೊಂಬಿಗಳನ್ನು ನಿಲ್ಲಿಸಬೇಕು. ನನ್ನ ಕಡೆ ಹತ್ತು ಗೊಂಬಿ, ಎದುರಿನವನ ಕಡೆ ಹತ್ತು ಗೊಂಬಿ. ಒಬ್ಬರನ್ನೊಬ್ಬರು ಸಂದಿಗೊಂದಿಯೊಳಗ ಹುಡುಕಿ ಕಾದಾಡಬೇಕು. ಹಿಂಗೊಂದು ಆಟ ಐತಿ, ಅದನ್ನ ಸಣ್ಣ ಹುಡುಗರಲ್ಲ, ನೌಕರಿ ಮಾಡುವ ದೊಡ್ಡವರು ಆಡುತ್ತಾರೆ ಅಂದರೆ ನಮ್ಮ ಜತ್ತ ತಾಲೂಕಿನ ಮಂದಿ ನಂಬಲಿಕ್ಕಿಲ್ಲ. ಆದರೆ ನಾನು ಆಡಿದ್ದೇನೆ. ಹೋದ ಬ್ಯಾಸಗಿ ಎರಡು ತಿಂಗಳು ನಮ್ಮ ಮನಿ ಪಡಸಾಲಿಯೊಳಗ ಅಂಥ ಊರೊಂದು ಎದ್ದು ನಿಂತಿತ್ತು. ಅದನ್ನು ಅರ್ಧ ಕಟ್ಟಿದವನು ನನ್ನ ಮೊಮ್ಮಗ, ಉಳಿದರ್ಧ ನಾನು.

ವಾಚನಾಲಯದ ಪುಸ್ತಕಕ್ಕೆ ಹಾಡಿಕಿ ಬಗ್ಗೆ ಬರೀರಿ ಅಂತ ಮಾಸ್ತರರು ಅಂದಿದ್ದರು. ಹಾಡಿಕಿ ಬಗ್ಗೆ ಬರೆಯುವವರು ಬಹಳ ಮಂದಿ ಅದಾರ. ಈ ಆಟದ ಬಗ್ಗೆ ಕನ್ನಡದಾಗ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕ ಇದನ್ನ ಹಿಡಿದೀನಿ. ಹಾಡಿಕಿ ಮಾತು ನಡುವ ತಾನಾಗೇ ಬರತದ.

ಮೊಮ್ಮಗ ಪುಣೆಯೊಳಗ ಡಿಪ್ಲೊಮಾ ಓದತಾನ. ಅಲ್ಲಿ ಅವನ ಗೆಳೆಯರು ರವಿವಾರ ಕೂಡಿ ಈ ಆಟ ಆಡತಾರ. ಆಟದ ಹೆಸರು ‘ಇನ್ಫಿನಿಟಿ’. ಸ್ಪೇನ್ ದೇಶದ ಗಲೀಸಿಯಾ ಸೀಮೆಯ ‘ಕೋರ್ವಸ್ ಬೆಲ್ಲಿ’ ಎಂಬ ಕಂಪನಿ ಇದನ್ನು 2005ರಲ್ಲಿ ಹೊರಗೆ ತಂದಿತು. ಗೊಂಬಿಗಳು ಲೋಹದವು. ಕೈಯಾಗ ಹಿಡಿದರೆ ಗುಲಗಂಜಿಯಷ್ಟು ಮುಖ, ಅದರೊಳಗ ಕಣ್ಣು, ಹುಬ್ಬು ಎಲ್ಲಾ ಮೂಡಿರತಾವ. ಬಣ್ಣ ಮಾತ್ರ ಆಡುವವರೇ ಹಚ್ಚಿಕೊಳ್ಳಬೇಕು.

ಇಂಥ ಆಟ ಹೊಸದೇನಲ್ಲ ಅಂತ ಅವನೇ ಹೇಳಿದ. ಪ್ರಷ್ಯಾ ದೇಶದಾಗ ರೈಸ್‌ವಿಟ್ಸ್ ಎಂಬ ಅಧಿಕಾರಿ 1812ರಲ್ಲಿ ರಾಜನಿಗೆ ಒಂದು ಮೇಜು ಮಾಡಿಸಿ ಕೊಟ್ಟನಂತೆ. ಅದರ ಮೇಲೆ ಗುಡ್ಡ, ಹೊಳಿ, ಊರಿನ ತುಂಡುಗಳನ್ನು ಬೇಕಾದಂಗ ಜೋಡಿಸಿ ದಂಡಿನ ಚಲನವಲನ ಆಡಿ ನೋಡಬಹುದಿತ್ತು. ಇಂಗ್ಲೆಂಡಿನ ಕತಿಗಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಗಿ ಸಿಪಾಯಿಗಳ ಕಾಳಗಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಮಾಡಿದ. ಆಟದ ಯುದ್ಧ ಆಡಿದವನಿಗೆ ಖರೇ ಯುದ್ಧ ಎಷ್ಟು ದಡ್ಡತನದ್ದು ಅಂತ ತಿಳೀತದ ಎಂಬುದು ಅವನ ವಾದ. ಮರುವರ್ಷವೇ ಮೊದಲನೇ ಮಹಾಯುದ್ಧ ಸುರು ಆತು.

ಹೊರದೇಶದ ಮಾತೇ ಯಾಕ ಬೇಕು? ದೀಪಾವಳಿ ಬಂತಂದರೆ ನಮ್ಮ ಮಹಾರಾಷ್ಟ್ರದ ಹುಡುಗರು ಅಂಗಳದಾಗ ಕಿಲ್ಲಾ ಕಟ್ಟತಾರ. ಕಲ್ಲು ಪೇರಿಸಿ, ಗೋಣಿಚೀಲ ಹೊದಿಸಿ, ಕೆಸರು ಬಳಿದು, ಸಾಸಿವಿ ಚೆಲ್ಲಿ ಹಸಿರು ಬರಿಸಿ, ತುದಿಗೆ ಶಿವಾಜಿ ಮಹಾರಾಜರನ್ನೂ ಮೆಟ್ಟಲ ಮೇಲೆ ಮಾವಳೆಯರನ್ನೂ ಇಡತಾರ. ನನ್ನ ಮೊಮ್ಮಗ ಸಣ್ಣವನಿದ್ದಾಗ ಕಟ್ಟಿದ ಕಿಲ್ಲಾ ನೋಡಲಿಕ್ಕೆ ಓಣಿ ಮಂದಿ ಬರುತ್ತಿದ್ದರು. ಅವನ ಕೈಗೆ ಆ ಹುಚ್ಚು ಹತ್ತಿದ್ದು ಪುಣೆಯೊಳಗಲ್ಲ, ಇಲ್ಲೇ.

ಆದರೆ ಈ ಸಲ ಅವನು ಕಟ್ಟಲಿಕ್ಕೆ ಹೊರಟದ್ದು ಕಿಲ್ಲಾ ಅಲ್ಲ. ಆ ಊರಿನ ಜಾತಿಗೆ ‘ಸೈಬರ್‌ಪಂಕ್’ ಅಂತಾರ. ಈ ಹೆಸರು 1983ರಲ್ಲಿ ಅಚ್ಚಾದ ಬ್ರೂಸ್ ಬೆತ್ಕೆಯ ಒಂದು ಕತಿಯ ತಲೆಬರಹದಿಂದ ಬಂದದ್ದು. ಮುಂದಿನ ವರ್ಷ, 1984ರಲ್ಲಿ, ವಿಲಿಯಂ ಗಿಬ್ಸನ್ ಎಂಬ ಲೇಖಕ ‘ನ್ಯೂರೊಮ್ಯಾನ್ಸರ್’ ಕಾದಂಬರಿ ಬರೆದ ಮ್ಯಾಲೆ ಈ ನಮೂನಿ ಬರವಣಿಗಿ ಎಲ್ಲಾ ಕಡೆ ಹಬ್ಬಿತು. ಅದಕ್ಕೂ ಮೊದಲು 1982ರ ‘ಬ್ಲೇಡ್ ರನ್ನರ್’ ಸಿನಿಮಾದಾಗ ಆ ಊರಿನ ರೂಪ ಮಂದಿ ಕಣ್ಣಿಗೆ ಬಿದ್ದಿತ್ತು. ಬಿಡದ ಮಳಿ, ಕತ್ತಲು, ಮುಗಿಲು ಮುಟ್ಟುವ ಕಟ್ಟಡ, ಬಣ್ಣದ ದೀಪದ ಬೋರ್ಡು, ಕೆಳಗ ಗಿಜಿಗಿಜಿ ಜನ. ಅರ್ಥ ಇಷ್ಟೇ ನೋಡ್ರಿ: ಯಂತ್ರ ಎತ್ತರಕ್ಕ ಹೋಗೇದ, ಬದುಕು ತಗ್ಗಿಗೆ ಬಿದ್ದದ.

“ಮುತ್ಯಾ, ಇದು ಮುಂದಿನ ಕಾಲದ ಊರು. ಇಲ್ಲಿ ಸರಕಾರಕ್ಕಿಂತ ಕಂಪನಿ ದೊಡ್ಡದು. ಕುಡಿಯೋ ನೀರೂ ರೊಕ್ಕಾ ಕೊಟ್ಟ ತಗೋಬೇಕು” ಅಂದ.

“ಮುಂದಿನ ಕಾಲ ಯಾಕ ತಮ್ಮಾ, ನಾಳಿ ಮುಂಜಾನೆ ಅಗಸಿ ಮುಂದ ಬಾ. ಟ್ಯಾಂಕರ್ ಬಂದಾಗ ಪಾಳಿ ನೋಡು. ಒಂದು ಕೈಯಾಗ ಮೊಬೈಲು, ಇನ್ನೊಂದು ಕೈಯಾಗ ಖಾಲಿ ಕೊಡ” ಅಂದೆ.

ಅವನು ನಗಲಿಲ್ಲ. ಮರುದಿನ ಖರೇನೇ ಬಂದು ನಿಂತ. ಅಲ್ಲಿಂದ ಬಂದವನೇ ತನ್ನ ಊರಿನ ನಡುವ ಒಂದು ಜಾಗ ಖಾಲಿ ಬಿಟ್ಟು ಗುರುತು ಹಾಕಿಕೊಂಡ.

ಊರು ಕಟ್ಟುವ ಕೆಲಸ ಹೇಳತೀನಿ, ಸಾಲಿ ಮಾಸ್ತರರಿಗೆ ಉಪಯೋಗ ಬಂದೀತು. ಗ್ವಾಡಿಗೆ ಟಿವಿ ಪೆಟ್ಟಿಗೆಯೊಳಗಿಂದ ಬಂದ ಥರ್ಮಾಕೋಲ್. ಅದರ ಮೇಲೆ ಸ್ಪ್ರೇ ಬಣ್ಣ ನೇರ ಹೊಡೆದರೆ ಥರ್ಮಾಕೋಲ್ ಕರಗಿ ಹೋಗತದ. ಅದಕ್ಕ ಮೊದಲು ಫೆವಿಕೋಲಿಗೆ ಕರಿ ಬಣ್ಣ ಕಲಸಿ ಎರಡು ಸಲ ಬಳಿದು ಒಣಗಿಸಬೇಕು. ರಟ್ಟಿನ ಮೇಲಿನ ಹಾಳಿ ಕಿತ್ತರೆ ಒಳಗ ಅಲೆಅಲೆ ಇರತದಲ್ಲ, ಅದೇ ಮನಿ ಮೇಲಿನ ಪತ್ರಾ. ಗುಳಿಗಿ ತಿಂದು ಬಿಸಾಕಿದ ಪಟ್ಟಿ ತಿರುಗಿಸಿ ಅಂಟಿಸಿದರೆ ಕಿಡಕಿ ಸಾಲು. ಸೊಳ್ಳಿ ಜಾಳಗಿ ಸೇತುವೆಯ ನೆಲ. ಕೆಟ್ಟ ರೇಡಿಯೋದ ಒಳಗಿನ ಹಸಿರು ತಗಡು ಯಂತ್ರದ ಕೋಣಿಯ ಗ್ವಾಡಿ. ನನ್ನ ದಾಳಿಂಬ್ರಿ ತೋಟದಾಗ ಬಿದ್ದಿದ್ದ ಹಳೇ ಡ್ರಿಪ್ ಪೈಪು, ಅದರ ತೂತಿನ ಬಟನ್ನು, ಟೀ ಜಾಯಿಂಟು ಎಲ್ಲಾ ಕಟ್ಟಡದ ಮೈಮ್ಯಾಲಿನ ನಳ ಆದವು. ಔಷಧ ಹೊಡೆದ ಡಬ್ಬಿ ಮುಚ್ಚಳ ಮಾತ್ರ ಮುಟ್ಟಗೊಡಲಿಲ್ಲ. ಅದು ಚಂದ ಕಂಡರೂ ವಿಷವೇ.

ಬಣ್ಣದಾಗ ಒಂದು ಕಸಬು ಐತಿ. ಕರಿ ಒಣಗಿದ ಮ್ಯಾಲೆ ಬೂದಿ ಬಣ್ಣದಾಗ ಕುಂಚ ಅದ್ದಿ, ಅರಿವಿಗೆ ಒರೆಸಿ ಒರೆಸಿ ಬಣ್ಣ ಇಲ್ಲೇನೋ ಅನ್ನುವಷ್ಟು ಒಣ ಮಾಡಬೇಕು. ಆಮೇಲೆ ಗ್ವಾಡಿ ಮೇಲೆ ಹಗುರಕ ಎಳೆದರೆ ಎದ್ದ ಅಂಚಿಗಷ್ಟೇ ಬಣ್ಣ ಹತ್ತತದ. ಕಂದು ಬಣ್ಣ ನೀರ ಮಾಡಿ ಹಚ್ಚಿದರೆ ತಗ್ಗಿನೊಳಗ ಇಳಿದು ಹೊಲಸು ಕೂತಂಗ ಕಾಣತದ. ಸ್ಪಂಜಿನ ತುಂಡಿನಿಂದ ಅಲ್ಲಲ್ಲಿ ತಟ್ಟಿದರೆ ತುಕ್ಕು. ಹೊಸ ಮನಿ ಕಟ್ಟೋದಕ್ಕಿಂತ ಹಳೇ ಮನಿ ಮಾಡೋದು ಕಷ್ಟ ಅಂತ ಆವಾಗ ತಿಳೀತು.

ಯಾವ ಊರು ನೋಡಿ ಇದನ್ನ ಮಾಡಾಕತ್ತಿ ಅಂತ ಕೇಳಿದೆ. ಮೊಬೈಲಿನಾಗ ಒಂದು ಚಿತ್ರ ತೋರಿಸಿದ. ಹಾಂಗ್‌ಕಾಂಗಿನ ಕೌಲೂನ್ ಕೋಟೆ ಊರು. ಇಂಥ ಊರು ಕಟ್ಟುವವರು ಬಹಳ ಮಂದಿ ಅದರ ಚಿತ್ರ ಮುಂದಿಟ್ಟುಕೊಂಡೇ ಕಟ್ಟತಾರಂತ. ಆ ಊರಿನ ಕತಿ ಕೇಳಿ ನನಗ ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.

ಇಡೀ ಊರಿನ ನೆಲ ಸುಮಾರು ಆರೂವರೆ ಎಕರೆ. ನನ್ನ ಹೊಲಕ್ಕಿಂತ ಎರಡು ಎಕರೆ ಹೆಚ್ಚು. ಅಷ್ಟರೊಳಗ 1987ರ ಲೆಕ್ಕದ ಪ್ರಕಾರ 33,000 ಮಂದಿ ಇದ್ದರು. ಒಂದಕ್ಕೊಂದು ಹತ್ತಿಕೊಂಡ ಮುನ್ನೂರಕ್ಕೂ ಹೆಚ್ಚು ಕಟ್ಟಡ, ಕೆಲವು ಹದಿನಾಲ್ಕು ಅಂತಸ್ತಿನ ತನಕ. ಕೆಳಗಿನ ಓಣಿಗೆ ಹಗಲೊತ್ತೂ ಬಿಸಿಲು ಇಳಿಯುತ್ತಿರಲಿಲ್ಲ. ಹಿಂಗ ಯಾಕಾತು ಅಂದರೆ, 1898ರಲ್ಲಿ ಬ್ರಿಟಿಷರು ಸುತ್ತಲಿನ ಸೀಮೆಯನ್ನ ಚೀನಾದಿಂದ ಗುತ್ತಿಗೆ ಹಿಡಿದಾಗ ಈ ಕೋಟೆಯೊಂದನ್ನ ಬಿಟ್ಟು ಬರಕೊಂಡರು. ಮರುವರ್ಷ ಬ್ರಿಟಿಷರು ಅಲ್ಲಿದ್ದ ಚೀನಾದ ಅಧಿಕಾರಿಗಳನ್ನ ಹೊರಗ ಹಾಕಿದರು. ಆಮೇಲೆ ಆ ತುಂಡು ನೆಲ ಯಾರದು ಅನ್ನುವ ತಕರಾರು ಮುಗಿಯಲೇ ಇಲ್ಲ. ಇವರೂ ಪೂರ್ತಿ ನೋಡಲಿಲ್ಲ, ಅವರೂ ನೋಡಲಿಲ್ಲ. ಜನ ತಾವೇ ಬಾವಿ ತೋಡಿದರು, ತಾವೇ ನಳ ಎಳೆದರು, ತಾವೇ ಮಾಳಿಗಿ ಮೇಲೆ ಮಾಳಿಗಿ ಏರಿಸಿದರು. ಲೈಸೆನ್ಸ್ ಇಲ್ಲದ ಹಲ್ಲಿನ ಡಾಕ್ಟರರು, ಮೀನಿನ ಉಂಡಿ ಮಾಡುವವರು, ಸಾಲಿ, ಗುಡಿ ಎಲ್ಲಾ ಒಳಗ ಇದ್ದವು. 1993ರಲ್ಲಿ ಕೆಡವಲು ಸುರು ಮಾಡಿ ಮರುವರ್ಷ ಮುಗಿಸಿದರು. ಈಗ ಅಲ್ಲಿ ಉದ್ಯಾನ ಐತಿ.

ಆ ಮಂದಿಯ ಕಷ್ಟಕ್ಕೂ ನಮ್ಮದಕ್ಕೂ ಹೋಲಿಕಿ ಇಲ್ಲ. ನಮಗ ಹೊಲ ಐತಿ, ಬಿಸಿಲು ಬೇಕಾದ್ದಕ್ಕಿಂತ ಹೆಚ್ಚೇ ಐತಿ. ಆದರೆ ಎರಡು ಸೀಮೆಯ ನಡುವ ಇದ್ದ ಊರಿನವರಿಗೆ ಆ ಕತಿ ಬ್ಯಾರೆಯವರ ಕತಿ ಅನಿಸೋದಿಲ್ಲ.

ಮರುದಿನ ಮೊಮ್ಮಗನ ಊರನ್ನ ಮತ್ತ ನೋಡಿದೆ. ಗ್ವಾಡಿ ಇದ್ದವು, ಏಣಿ ಇದ್ದವು, ಗುಂಡು ತಾಗಿದ ಗುರುತು ಇದ್ದವು. ಮನಷ್ಯಾ ಇರುವ ಗುರುತು ಇರಲಿಲ್ಲ.

“ಇಲ್ಲಿ ಮಂದಿ ನೀರು ಎಲ್ಲಿ ಕುಡೀತಾರ? ಬಟ್ಟಿ ಎಲ್ಲಿ ಒಣಾಕತಾರ? ಮುದುಕರು ಎಲ್ಲಿ ಕೂಡತಾರ?” ಅಂದೆ.

ಆ ಖಾಲಿ ಬಿಟ್ಟ ಜಾಗದಾಗ ಔಡಲೆಣ್ಣಿ ಡಬ್ಬಿಯಿಂದ ನೀರಿನ ಟಾಕಿ ಬಂತು. ಅದರ ಕೆಳಗ ನಾಲ್ಕು ನಳ, ಉದ್ದಿನ ಕಾಳಿನಷ್ಟು ಸಣ್ಣ ಕೊಡಗಳು. ಕೊಡ ನಾನು ಹೊಲದ ಎರಿ ಮಣ್ಣಿನಾಗ ಮಾಡಿದೆ. ಮಾಳಿಗಿ ಮೇಲೆ ದಾರ ಕಟ್ಟಿ ಅರಿವಿ ತುಂಡು ಒಣಹಾಕಿದಳು ನನ್ನ ಹೆಂಡತಿ. ಗಿರಣಿ, ಚಹಾದ ಅಂಗಡಿ, ಒಂದು ಕಟ್ಟಿ, ಕಟ್ಟಿ ನಡುವ ತಂತಿಯ ಬೇವಿನ ಗಿಡ. ಇವೆಲ್ಲಾ ಆಟದಾಗ ಬರೀ ಅಲಂಕಾರ ಅಲ್ಲ. ಗೊಂಬಿ ಅವುಗಳ ಹಿಂದ ನಿಂತು ಜೀವ ಉಳಿಸಿಕೊಳ್ಳತಾವ.

ಬೋರ್ಡಿನ ಮಾತು ಬಂದಾಗ ಒಂದು ವಿಷಯ ಹೊರಗ ಬಿತ್ತು. ಅವನು ಪ್ಲಾಸ್ಟಿಕ್ ಹಾಳಿ ಮೇಲೆ ಜಪಾನಿ ಅಕ್ಷರ ಅಚ್ಚು ಹಾಕಿಸಿಕೊಂಡು ತಂದಿದ್ದ. ಹಿಂದ ದೀಪಾವಳಿ ಸರದ ದೀಪ ಇಟ್ಟರೆ ಕೆಂಪು, ನೀಲಿ ಹೊಳೆಯುತ್ತಿದ್ದವು.

“ಏನ್ ಬರದೈತಿ ಇದರಾಗ?”

“ಗೊತ್ತಿಲ್ಲ ಮುತ್ಯಾ. ನೋಡಲಿಕ್ಕ ಚಂದ ಕಾಣತಾವಂತ ಹಾಕೀನಿ.”

“ಕನ್ನಡದಾಗ ಹಾಕಬೇಕಿಲ್ಲೋ?”

“ಕನ್ನಡನೂ ನನಗ ಹಂಗೇ. ದುಂಡಗ ಚಂದ ಕಾಣತದ. ಏನ್ ಬರದೈತಿ ತಿಳಿಯೋದಿಲ್ಲ.”

ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದು ಇದ್ದಂಗ ಅಂದ. ಮನಿಯೊಳಗ ಅವನು ಕನ್ನಡ ಅರಳು ಹುರಿದಂಗ ಮಾತಾಡತಾನ. ಓದಿದ್ದು ಮರಾಠಿ ಸಾಲಿ, ಮುಂದ ಇಂಗ್ಲಿಷು. ಮರಾಠಿ ನಮಗ ಪರಕೀಯ ಅಲ್ಲ. ನನ್ನ ಹೆಂಡತಿಯ ತವರಿನ ಮಾತೇ ಮರಾಠಿ. ಆದರೆ ನನ್ನ ಟ್ರಂಕಿನಾಗ ಮೂರು ನೋಟುಬುಕ್ಕು ಅದಾವ. ನಲವತ್ತು ವರ್ಷ ಹಾಡಿದ ಗೀಗೀ ಪದ, ನನ್ನ ಗುರುಗಳಿಂದ ಬಂದದ್ದು, ನಾನು ಕಟ್ಟಿದ್ದು ಎಲ್ಲಾ ಅದರೊಳಗ. ಆ ಮೂರು ನೋಟುಬುಕ್ಕು ಓದುವವರು ಈಗ ನಮ್ಮ ಮನಿಯೊಳಗ ನಾನೊಬ್ಬನೇ. ಅದು ಗೊತ್ತಿದ್ದ ಮಾತೇ. ಆದರೆ ಜಪಾನಿ ಬೋರ್ಡಿನ ಪಕ್ಕಕ್ಕಿಟ್ಟು ಕೇಳಿದಾಗ ಎದಿಗೆ ನಾಟಿತು.

ಉಪದೇಶ ಮಾಡಲಿಲ್ಲ. “ನೀರಿನ ಟಾಕಿಗೆ ಬೋರ್ಡು ಬೇಕಲ್ಲ” ಅಂತ ಹಾಳಿ ಮೇಲೆ ‘ನೀರು’ ಅಂತ ದೊಡ್ಡದಾಗಿ ಬರೆದು ಕೊಟ್ಟೆ. ಅವನು ರಟ್ಟಿನಾಗ ಅಚ್ಚು ಕೊರೆಯಲಿಕ್ಕೆ ಕೂತ. ‘ರ’ದ ಹೊಟ್ಟಿಯೊಳಗಿನ ತುಂಡು ಕಳಚಿ ಬಿತ್ತು. ಕನ್ನಡದ ಅಕ್ಷರದಾಗ ಇಂಥ ಹೊಟ್ಟಿ ಬಹಳ. ಎರಡು ಸಣ್ಣ ಪಟ್ಟಿ ಉಳಿಸಿ ಕೊರೆದರೆ ಬೀಳೋದಿಲ್ಲ ಅಂತ ಅವನೇ ಕಂಡುಕೊಂಡ. ಅಕ್ಷರದ ಸಾಲು ಅವನಿಗೆ ಮರಾಠಿಯಿಂದ ಬಾಯಿಪಾಠ ಇತ್ತು. ಕ ಖ ಗ ಘ ಎರಡರಲ್ಲೂ ಒಂದೇ ಕ್ರಮ, ಆಕಾರ ಅಷ್ಟೇ ಬ್ಯಾರೆ. ‘ಚಹಾ’ ಕೊರೆದ, ‘ಗಿರಣಿ’ ಕೊರೆದ. ಕೈಯಿಂದ ಕೊರೆದ ಅಕ್ಷರ ಕಣ್ಣು ಮರೆಯೋದಿಲ್ಲ. ಎರಡು ತಿಂಗಳ ಕೊನೆಗೆ ಹದಿನೇಳು ಬೋರ್ಡು ಆಗಿದ್ದವು.

ಇನ್ನು ಆಟದ ಮಾತು. ನನ್ನ ಗುಂಪಿನಾಗ ಹತ್ತು ಮಂದಿ ಇದ್ದರೆ ನನ್ನ ಪಾಳಿಗೆ ಹತ್ತು ಅಪ್ಪಣೆ. ಆ ಹತ್ತನ್ನೂ ಒಬ್ಬೊಬ್ಬನಿಗೆ ಹಂಚಬಹುದು, ಇಲ್ಲಾ ಬಹಳಷ್ಟು ಒಬ್ಬನಿಗೇ ಕೊಡಬಹುದು. ನಮ್ಮ ಮುಯ್ಯಾಳಿನ ಲೆಕ್ಕವೇ ಇದು. ಇವತ್ತು ಎಲ್ಲರ ತೋಳಬಲ ಒಬ್ಬನ ಹೊಲಕ್ಕ. ಒಬ್ಬ ಬಿದ್ದರೆ ಮುಂದಿನ ಪಾಳಿಗೆ ಒಂದು ಅಪ್ಪಣೆ ಕಡಿಮಿ. ಮೂಲಿಯೊಳಗ ಸುಮ್ಮನ ನಿಂತವನೂ ಅದಕ್ಕೇ ಬೇಕು.

ಗುಂಡು ಹಾರಿಸಲಿಕ್ಕೆ ಇಪ್ಪತ್ತು ಮುಖದ ದಾಳ. ಹೇಳಿದ ಸಂಖ್ಯೆ ಅಥವಾ ಅದಕ್ಕಿಂತ ಕಡಿಮಿ ಬಿದ್ದರೆ ತಾಗಿತು. ಇಬ್ಬರೂ ಎದುರುಬದುರು ಹಾರಿಸಿ ಇಬ್ಬರದೂ ತಾಗಿದರೆ ದೊಡ್ಡ ಸಂಖ್ಯೆ ಬಿದ್ದವನು ಗೆದ್ದ. ದೂರವನ್ನ ಮೊದಲೇ ಅಳೆಯುವಂಗಿಲ್ಲ. ಕಣ್ಣಳತಿ ಮೇಲೆ ಮಾತು ಕೊಟ್ಟು ಆಮೇಲೆ ಪಟ್ಟಿ ಹಿಡೀಬೇಕು. ಅದರಾಗ ಮೊಮ್ಮಗ ನನಗ ಸಾಟಿ ಅಲ್ಲ. ಜೀವನಪೂರ್ತಿ ಸಾಲಿನಿಂದ ಸಾಲಿಗೆ ಕಣ್ಣಳತಿ ಹಾಕಿದವ ನಾನು.

ನನಗ ಹಿಡಿಸಿದ್ದು ಇನ್ನೊಂದು ನಿಯಮ. ನನ್ನ ಪಾಳಿಯಾಗ ಎದುರಿನವನು ಕೈ ಕಟ್ಟಿ ಕೂಡೋದಿಲ್ಲ. ನನ್ನ ಗೊಂಬಿ ಅವನ ಗೊಂಬಿಯ ಕಣ್ಣಿಗೆ ಬಿದ್ದರೆ, ಅದು ಅಲ್ಲೇ ಉತ್ತರ ಕೊಡಬಹುದು. ಇದು ಹರದೇಶಿ ನಾಗೇಶಿ ಹಾಡಿಕಿಯ ರೀತಿ. ಒಂದು ಮೇಳ ಗಂಡು ಹೆಚ್ಚು ಅಂತ ಹಾಡುವಾಗ ಹೆಣ್ಣು ಹೆಚ್ಚು ಅನ್ನುವ ಮೇಳ ಮಲಗಿರೋದಿಲ್ಲ. ದಪ್ಪು ತೊಡಿಮ್ಯಾಲಿಟ್ಟು, ಎದುರಿನವ ಯಾವ ಮಾತಿನಾಗ ಬಯಲಿಗೆ ಬರತಾನ ಅಂತ ಕಿವಿ ತೆರೆದು ಕೂತಿರತದ. ಸವಾಲಿನೊಳಗೇ ಜವಾಬಿನ ಬೀಜ ಇರತದ. ಮೊದಲು ನಾಲ್ಕು ಆಟ ಸೋತೆ. ಐದನೇದಕ್ಕ ಹಾಡಿಕಿ ನೆನಪಿಟ್ಟು ಆಡಿದೆ, ಗೆದ್ದೆ.

ಆದರೆ ಆಟದ ಜೀವ ಇರೋದು ಮರೆಯೊಳಗ. ಗ್ವಾಡಿ, ಕಟ್ಟಿ, ಟಾಕಿ ಯಾವುದರ ಹಿಂದಾದರೂ ಅರ್ಧ ಮೈ ಇಟ್ಟು ನಿಂತವನಿಗೆ ಗುಂಡು ಹಾರಿಸುವವನ ಸಂಖ್ಯೆಯಿಂದ ಮೂರು ಕಳೀತಾರ. ನಿಂತವನ ಕವಚಕ್ಕ ಮೂರು ಕೂಡಿಸತಾರ. ಮೂರು ಅಂದರೆ ಸಣ್ಣ ಲೆಕ್ಕ ಅನಿಸೀತು. ಬದುಕೋದು ಸಾಯೋದು ಅದರ ಮ್ಯಾಲೇ.

ಒಂದಿನ ಅರ್ಧ ಕಟ್ಟಡಕ್ಕ ಹೊಸ ಬಣ್ಣ ಬಳಿದು ಅಂಗಳದಾಗ ಒಣಗಿಸಿದ್ದೆವು. ಉಳಿದಷ್ಟರ ಮ್ಯಾಲೇ ಆಡೋಣು ಅಂದೆವು. ದಾಳದಾಗ ಮೊದಲ ಪಾಳಿ ಅವನಿಗೆ ಬಂತು. ಅವನ ಉದ್ದ ಬಂದೂಕಿನವ ಮಾಳಿಗಿ ಏರಿ ನಿಂತ. ಚಹಾ ಆರೋದರೊಳಗ ನನ್ನ ಆರು ಮಂದಿ ಬಿದ್ದರು. ನನ್ನವರು ಆಡಲೇ ಇಲ್ಲ.

“ಮುತ್ಯಾ, ನಾ ಗೆದ್ದಿಲ್ಲ ಇದನ್ನ. ಟೇಬಲ್ ಬಯಲಿದ್ರ ದೊಡ್ಡ ಬಂದೂಕಿನವನೇ ಗೆಲ್ಲತಾನ. ಇದು ಆಟ ಅಲ್ಲ” ಅಂತ ಅವನೇ ದಾಳ ಕೆಳಗಿಟ್ಟ.

ಆ ಮಾತು ನನ್ನ ತಲೆಯೊಳಗ ಕೂತಿತು. ಮರೆ ಅಂದರೆ ಅಂಜಿಕಿ ಅಂತ ತಿಳಕೊಂಡವರು ಇರತಾರ. ಖರೇ ನೋಡಿದರೆ ಸಣ್ಣವನಿಗೂ ಆಡಲಿಕ್ಕೆ ಬರುವಂಗ ಮಾಡೋದೇ ಮರೆ. ಗಡಿಯೊಳಗ ನಾವು ಕಡಿಮಿ ಮಂದಿ. ನಮಗ ಕನ್ನಡ ಸಾಲಿ ಒಂದು ಮರೆ, ಭಜನಿ ಒಂದು ಮರೆ, ಹಾಡಿಕಿ ಒಂದು, ಈ ವಾಚನಾಲಯ ಒಂದು. ಇವು ಯಾರ ವಿರುದ್ಧದ ಗ್ವಾಡಿಯೂ ಅಲ್ಲ. ಇವುಗಳ ಹಿಂದ ನಿಂತೇ ನಾವು ಇಷ್ಟು ದಿನ ನಮ್ಮ ಪಾಳಿ ಆಡೀವಿ. ಪಟ ಕಡಿಮಿ ಅಂತ ಒಂದು ಸಾಲಿ ಮುಚ್ಚಿದರೆ ಒಂದೇ ಗ್ವಾಡಿ ಹೋತು ಅನಿಸತದ. ಆಟ ಆಡಿದವನಿಗೆ ಗೊತ್ತು, ಆ ಗ್ವಾಡಿ ಹಿಂದ ಎಷ್ಟು ಮಂದಿ ನಿಂತಿದ್ದರು ಅಂತ.

“ಮುಂಜಾನಿಂದ ಸಂಜಿತನಕ ಬರೀ ಹೊಡೆದಾಟೇನು?” ಅಂತ ಹೆಂಡತಿ ಬೈದಳು. ಅದಕ್ಕ ನಾವು ಒಂದು ಪಂತ ಬದಲು ಮಾಡಿದೆವು. ಕೊಂದ ಲೆಕ್ಕ ಬ್ಯಾಡ. ಮೂರನೇ ಪಾಳಿ ಮುಗಿಯೋದರೊಳಗ ಯಾವ ಗುಂಪು ಟಾಕಿಯ ನಳ ತಿರುವಿ ಹೆಚ್ಚು ಕೊಡ ತುಂಬಿಸತದೋ ಅದು ಗೆದ್ದಂಗ. ಆಟ ಇನ್ನೂ ಬಿಗಿ ಆತು. ಹೆಂಡತಿಯೂ ಬಂದು ಕೂತಳು, ಮೂರು ಸಲ ಗೆದ್ದಳು.

ಮೊಮ್ಮಗ ಲೋಹದ ಗೊಂಬಿ ತಗೊಂಡು ಪುಣೆಗೆ ಹೋದ. ಊರು ಇಲ್ಲೇ ಉಳೀತು. ಈಗ ಅದು ವಾಚನಾಲಯದ ಹಿಂದಿನ ಕೋಣಿಯಾಗ ಐತಿ, ನೀವು ಬಹಳ ಮಂದಿ ನೋಡೀರಿ. ರವಿವಾರ ಹುಡುಗರು ಮಣ್ಣಿನ ಗೊಂಬಿ ಮಾಡಿಕೊಂಡು ಬರತಾರ. ನಿಯಮ ಒಂದು ಹಾಳಿಗೆ ಇಳಿಸಿ ಕನ್ನಡದಾಗ ಬರದೀನಿ, ಇಪ್ಪತ್ತು ಮುಖದ ದಾಳದ ಬದಲಿ ಲೂಡೋ ದಾಳ ಮೂರು. ಒಂದೇ ಕರಾರು: ಆಡಬೇಕಂದವನು ಊರಿಗೆ ಒಂದು ಮನಿ ಕೂಡಿಸಬೇಕು, ಅದರ ಬೋರ್ಡು ಕೈಯಾರೆ ಕನ್ನಡದಾಗ ಬರೀಬೇಕು.

ಮೊಮ್ಮಗ ಈಗ ಬಿಡಿ ಬಿಡಿ ಶಬ್ದ ಕೂಡಿಸಿ ಓದತಾನ. ಬಸ್ಸಿನ ಬೋರ್ಡು ಓದಿ ಫೋನಿನಾಗ ಹೇಳತಾನ. ಒತ್ತಕ್ಷರಕ್ಕ ಬಂದರೆ ನಿಲ್ಲತಾನ. ನನ್ನ ನೋಟುಬುಕ್ಕಿನ ಕೂಡಕ್ಷರ ಅವನಿಗೆ ಇನ್ನೂ ಆಗೋದಿಲ್ಲ. ದೀಪಾವಳಿಗೆ ಬರತೀನಿ ಅಂದಾನ. ಅಷ್ಟರೊಳಗ ಮೊದಲನೇ ನೋಟುಬುಕ್ಕನ್ನ ಬಿಡಿ ಅಕ್ಷರದಾಗ, ದೊಡ್ಡದಾಗಿ, ತಿರುಗಿ ಬರೀಲಿಕ್ಕೆ ಕೂತೀನಿ. ಇವತ್ತಿಗೆ ಹನ್ನೊಂದು ಪುಟ ಆಗ್ಯಾವ.